ಬಸ್ಕಿಯನ್ನು ಶಿಕ್ಷೆಯ ಪಟ್ಟಿಯಿಂದ ಬಿಡಿಸೋಣ

ಮನೆಯಲ್ಲೇ, ಬಿಡಿಗಾಸು ಖರ್ಚಿಲ್ಲದೆ ಮಾಡಬಹುದಾದ ವ್ಯಾಯಾಮಗಳಲ್ಲಿ ಬಸ್ಕಿಗೆ ಸಮನಾದದ್ದು ಕಡಿಮೆ. ತೊಡೆ, ಪೃಷ್ಠ, ಸೊಂಟದ ದೊಡ್ಡ ಸ್ನಾಯುಗಳೆಲ್ಲ ಒಟ್ಟಿಗೆ ದುಡಿಯುತ್ತವೆ. ಬೇಕಾದ ಜಾಗ ಒಂದು ಚಾಪೆಯಷ್ಟು. ಆದರೆ ತಳಕಿನ ಸುತ್ತಮುತ್ತ ಬೋಧನಾಭ್ಯಾಸದ ವೀಕ್ಷಣೆಗೆ ಹೋದಾಗ ನಾನು ಬಸ್ಕಿಯನ್ನು ಹೆಚ್ಚಾಗಿ ಕಂಡದ್ದು ದೈಹಿಕ ಶಿಕ್ಷಣದ ಅವಧಿಯಲ್ಲಿ ಅಲ್ಲ. ಗಣಿತದ ಅವಧಿಯಲ್ಲಿ, ಹೋಂವರ್ಕ್ ತರದ ಮಕ್ಕಳು ಕಿವಿ ಹಿಡಿದು ಕೂತೇಳುವಾಗ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಅದು ಎಲ್ಲರಿಗೂ ಗೊತ್ತು. ‘ಹೊಡೆದಿಲ್ಲವಲ್ಲ ಸಾರ್, ವ್ಯಾಯಾಮವೂ ಆಯಿತು’ ಎಂಬ ಸಮಜಾಯಿಷಿಯೂ ಸಿದ್ಧವಾಗಿರುತ್ತದೆ. ನನ್ನ ತಕರಾರು ಇರುವುದೇ ಇಲ್ಲಿ. ನಾಲ್ಕು ಜನರ ಮುಂದೆ ನಾಚಿಕೆಪಟ್ಟು ಮಾಡಿದ್ದನ್ನು ಯಾವ ಮಗು ಸಂಜೆ ಮನೆಯಲ್ಲಿ ಇಷ್ಟಪಟ್ಟು ಮಾಡೀತು? ನಮ್ಮ ಭಾಷೆಯಲ್ಲಿ ‘ದಂಡ’ ಎಂದರೆ ಗರಡಿಯ ಸಾಮು, ಜುಲ್ಮಾನೆ, ವ್ಯರ್ಥ, ಮೂರೂ ಹೌದು. ಶಾಲೆಗಳು ಮೊದಲನೆಯ ಅರ್ಥವನ್ನು ಕೈಬಿಟ್ಟು ಉಳಿದೆರಡನ್ನು ಇಟ್ಟುಕೊಂಡಿವೆ.

ಗರಡಿಯ ಪೈಲ್ವಾನರು ದಂಡ, ಬಸ್ಕಿಗಳಿಂದಲೇ ಮೈ ಕಟ್ಟಿದವರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ದೂರದವರಿಗೆ ಅಂಚೆಯ ಮೂಲಕ ವ್ಯಾಯಾಮ ಪಾಠ ಕಳಿಸುತ್ತಿದ್ದರು, ಸೂರ್ಯ ನಮಸ್ಕಾರದ ಮೇಲೆ ಪುಸ್ತಕವನ್ನೂ ಬರೆದರು. (ಹೆಸರಿನ ಮೊದಲಕ್ಷರದಲ್ಲೇ ತಳಕನ್ನು ಇಟ್ಟುಕೊಂಡಿದ್ದ ತ.ರಾ.ಸು. ಅವರನ್ನು ನೆನೆಯುವ ನಾವು ಈ ಇನ್ನೊಬ್ಬ ಕಾದಂಬರಿಕಾರರನ್ನೂ ತರಗತಿಗೆ ತರಬಹುದು.) ಮನೆಯಲ್ಲಿ ಮಾಡುವ ವ್ಯಾಯಾಮವನ್ನೂ ಪಾಠವಾಗಿ, ಕ್ರಮವಾಗಿ ಕಲಿಸಬಹುದೆಂದು ಅಯ್ಯರ್ ನಂಬಿದ್ದರು. ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಯಲ್ಲಿ ಇಲ್ಲದಿರುವುದು ಆ ಕ್ರಮವೇ. ‘ಮನೆಯಲ್ಲಿ ವ್ಯಾಯಾಮ ಮಾಡಿರಿ’ ಎಂಬ ಒಂದು ಸಾಲು ಬರೆದು ಮುಗಿಸುತ್ತಾರೆ.

ಕ್ರಮ ಎಂದರೆ ಹೀಗೆ. ಮೊದಲ ವಾರ ಕಟ್ಟೆಯ ಮೇಲೆ ಕೂತು, ಕೈ ಊರದೆ ಏಳುವುದು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಅರ್ಧ ಬಸ್ಕಿ. ಹಿಮ್ಮಡಿ ನೆಲದ ಮೇಲೇ ಇರಬೇಕು, ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಬಾಗಬೇಕು. ಹಿಡಿತ ಬಿಟ್ಟು ಪೂರ್ತಿ ಬಸ್ಕಿ ಮಾಡುವುದು ಆಮೇಲಿನ ಮಾತು. ದಂಡಕ್ಕೂ ಅಷ್ಟೆ: ಮೊದಲು ಗೋಡೆಗೆ ಕೈಯೂರಿ, ನಂತರ ಜಗಲಿಯ ಅಂಚಿಗೆ, ಕೊನೆಗೆ ನೆಲಕ್ಕೆ. ಎಂಟು ಸಲ ಸರಿಯಾಗಿ ಮಾಡಿದವರಿಗೆ ಮುಂದಿನ ವಾರ ಹತ್ತು. ಭಂಗಿ ಕೆಟ್ಟ ಕೂಡಲೇ ನಿಲ್ಲಿಸುವುದು. ಶಿಕ್ಷೆಯ ಬಸ್ಕಿಯಲ್ಲಿ ಈ ಕೊನೆಯ ನಿಯಮಕ್ಕೆ ಜಾಗವೇ ಇಲ್ಲ. ಅಲ್ಲಿ ಎಣಿಕೆ ಮುಗಿಯಬೇಕು, ಅಷ್ಟೇ.

‘ನಮ್ಮ ಮಕ್ಕಳು ಹೊಲದಲ್ಲಿ ದುಡಿಯುತ್ತಾರೆ, ಅವರಿಗೇಕೆ ವ್ಯಾಯಾಮ?’ ಎಂದು ಹಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಶೇಂಗಾ ಹೊಲದಲ್ಲಿ ಕಳೆ ಕೀಳುವವರ ಬೆನ್ನು ದಿನವಿಡೀ ಬಾಗಿಯೇ ಇರುತ್ತದೆ. ಮೊಳಕಾಲ್ಮೂರಿನ ಗುಂಡಿಮಗ್ಗದಲ್ಲಿ ಕೂತವರ ಭುಜ ಮುಂದಕ್ಕೇ ಬಗ್ಗಿರುತ್ತದೆ. ಕೆಲಸ ಬಳಸದೆ ಬಿಟ್ಟ ಕಡೆಗೆ ಮೈಯನ್ನು ತಿರುಗಿಸಲು ವ್ಯಾಯಾಮ ಬೇಕು. ಇನ್ನು ಹೊಲಕ್ಕೂ ಹೋಗದೆ ಮೊಬೈಲ್ ಹಿಡಿದು ಕೂತ ಮಕ್ಕಳು ಈಗ ಹಳ್ಳಿಯಲ್ಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು. ಸ್ನಾಯು, ಮೂಳೆ ಬಲಪಡಿಸುವಂಥದ್ದು ವಾರಕ್ಕೆ ಕನಿಷ್ಠ 3 ದಿನ. ವೇಳಾಪಟ್ಟಿಯ ಆಟದ ಅವಧಿಯೊಂದರಿಂದಲೇ ಇದು ಪೂರೈಸುವುದಿಲ್ಲ, ಅದೂ ಆ ಅವಧಿ ಬೇರೆ ವಿಷಯದ ಪಾಲಾಗದೆ ಉಳಿದರೆ.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಒಂದು ಸಲಹೆ. ಎಷ್ಟು ಬಸ್ಕಿ ಹೊಡೆದೆ ಎಂದು ಮಕ್ಕಳನ್ನು ಕೇಳಬೇಡಿ. ಮನೆಯಲ್ಲಿ ಎಲ್ಲಿ ಮಾಡಿದೆ, ಯಾವ ಹೊತ್ತಿನಲ್ಲಿ ಎಂದು ಕೇಳಿ. ಹೆಣ್ಣುಮಕ್ಕಳ ಉತ್ತರವನ್ನು ವಿಶೇಷವಾಗಿ ಬರೆದಿಟ್ಟುಕೊಳ್ಳಿ. ಮಾಡಿಲ್ಲ ಎಂದರೆ ಸೋಮಾರಿತನ ಎಂದು ಗುರುತು ಹಾಕುವ ಮೊದಲು ಆ ಮನೆಯಲ್ಲಿ ಅವಳಿಗೆ ಚಾಪೆಯಷ್ಟು ಜಾಗ, ಹತ್ತು ನಿಮಿಷದ ಬಿಡುವು ಇದೆಯೇ ಎಂದು ನೋಡಿ. ಇಲ್ಲವಾದರೆ ಬೆಳಗಿನ ಪ್ರಾರ್ಥನೆಗೆ ಮುಂಚೆ ಶಾಲೆಯ ವರಾಂಡವನ್ನೇ ಅವಳಿಗೆ ಬಿಟ್ಟುಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ.