ರೊಕ್ಕ ಕೊಟ್ಟದ್ದೇ ಛಲೋ ಅಂತ ಯಾರು ಹೇಳ್ಯಾರ?

ಮಕ್ಕಳ್ನ ಕೀಬೋರ್ಡ್ ಕ್ಲಾಸಿಗೆ ಹಚ್ಚಿದ ಕೂಡ್ಲೆ, ಐದು ಗೆರಿ ಮ್ಯಾಲೆ ಸ್ವರ ಬರದು ಛಾಪಸೋ ಸಾಫ್ಟ್‌ವೇರ್ ಬೇಕು, ಅದೂ ತುಟ್ಟೀದೇ ಬೇಕು ಅಂತ ಹಟ ಸುರು ಆಗ್ತದ. ನೀವೂ ಹೂಂ ಅಂತೀರಿ. ಯಾಕ್ರಿ ವೈನಿ? 'ಫಿನಾಲೆ' ಅಂತ ಒಂದಿತ್ತು, 1988ರಿಂದ ದೊಡ್ಡ ದೊಡ್ಡ ಸಂಗೀತಗಾರ್ರು ಅದನ್ನ ನೆಚ್ಚಿದ್ರು. 2024ರ ಆಗಸ್ಟ್‌ನಾಗ ಕಂಪನಿ, ಇನ್ನ ಮುಂದ ಇದನ್ನ ಮಾಡೂದಿಲ್ಲ ಅಂತ ಕೈ ತೊಳಕೊಂಡ್ತು. ವರ್ಷಾನಗಟ್ಟಲೆ ಬರದಿಟ್ಟ ಫೈಲು ಈಗ ಮ್ಯೂಸಿಕ್‌ಎಕ್ಸ್‌ಎಂಎಲ್ ಮಾಡಿ ಬ್ಯಾರೆ ಕಡೆ ಒಯ್ಯಬೇಕು. ಒಯ್ಯೂದ್ರಾಗ ಪುಟದ ಜೋಡಣಿ ಅಷ್ಟಿಷ್ಟು ಕೆಡ್ತದ. ಉಪ್ಪಿನಕಾಯಿ ನಮ್ಮದು, ಭರಣಿ ಮುಚ್ಚಳ ಮಾತ್ರ ಅಂಗಡಿಯವನೇ ತಗೀಬೇಕು ಅಂದ್ರ ಒಪ್ತೀರೇನು?

ಮ್ಯೂಸ್‌ಸ್ಕೋರ್ ಪುಕ್ಕಟೆ ಅದ, ಮೌಸಿಲೆ ಸ್ವರ ಇಟ್ಕೋತ ಹೋದ್ರಾತು. ನನಗ ಲಿಲಿಪಾಂಡ್ ಇನ್ನೂ ಸೇರ್ತದ, ಅದೂ ಪುಕ್ಕಟೇನ. ಅಕ್ಷರದಾಗ ಟೈಪ್ ಮಾಡಿಟ್ರ ಅದು ಗೆರಿ ಹೊಡದು ಸ್ವರ ಕೂಡಸ್ತದ. (ಮೊದಲ ನಾಕು ದಿನ ತಲಿ ತಿಂತದ, ಖರೆ.) ನಾಳೆ ಅದು ಇರಲಿ ಬಿಡಲಿ, ಟೈಪ್ ಮಾಡಿದ್ದು ಯಾವ ಕಂಪ್ಯೂಟರಿನಾಗೂ ಓದ್ಲಿಕ್ಕೆ ಬರ್ತದ.

ನಮ್ಮ ಭಜನಿ ಪದಕ್ಕಂತೂ ಇವ್ಯಾವೂ ಬ್ಯಾಡ. ಭಾತಖಂಡೆಯವರ ಪದ್ಧತ್ಯಾಗ ಕೋಮಲ ಸ್ವರದ ಕೆಳಗೊಂದು ಗೆರಿ, ತೀವ್ರ ಮಧ್ಯಮದ ಮ್ಯಾಲೊಂದು ಗೀಟು. ವಹಿಯೊಳಗ ಬರಕೊಂಡ್ರ ಮುಗೀತು. ಉಳದ ರೊಕ್ಕದಾಗ ಮೂಲ್ಯಾಗ ಬಿದ್ದ ಹಾರ್ಮೋನಿಯಂ ರಿಪೇರಿ ಮಾಡಸ್ರಿ.