ಮೂಕಪ್ರಾಣಿಗೆ ಕಾಣದವರ ಮದ್ದು



ಮಹಾಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಯನ್ನು ಕಾಣದವರು ನಿಮ್ಮಲ್ಲಿ ವಿರಳ. ಅಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಕೊಳ್ಳಲು ಬಂದ ರೈತನು ಹೇಗೆ ವ್ಯವಹರಿಸುತ್ತಾನೆಂಬುದನ್ನು ನೆನಪಿಗೆ ತಂದುಕೊಳ್ಳಿ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮೈಮೇಲೆ ಸುಳಿ ಹುಡುಕುತ್ತಾನೆ. ಬೆನ್ನ ಮೇಲೆ ಕೈಯಾಡಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ಊರುವ ಬಗೆಯನ್ನು ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಬೆಲೆಯ ಮಾತು. ಹಣ ಕೊಡುವಾಗ ಇಷ್ಟು ಎಚ್ಚರವುಳ್ಳ ನಾವು, ಅದೇ ಎತ್ತು ಮೇವು ಬಿಟ್ಟು ಮಲಗಿದ ದಿನ ಮಾಡುವುದೇನು? ಜೇಬಿನಿಂದ ಮೊಬೈಲ್ ತೆಗೆದು, ಆ ಪ್ರಾಣಿಯನ್ನು ಒಮ್ಮೆಯೂ ಕಾಣದ ಯಾರೋ ಒಬ್ಬನು ಹೇಳಿದ ಮದ್ದನ್ನು ಅದರ ಗಂಟಲಿಗೆ ಸುರಿಯುತ್ತೇವೆ. ಕೊಳ್ಳುವಾಗ ಕಣ್ಣಾರೆ ಕಾಣದೆ ನಂಬದವರು ಜೀವ ಉಳಿಸುವಾಗ ಕಾಣದವನನ್ನು ನಂಬುವುದು ಯಾವ ನ್ಯಾಯ?

ಗುಬ್ಬಿ ತಾಲ್ಲೂಕಿನ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಅವರ ಹಸುವೊಂದು ಮೇವು ನೀರು ಬಿಟ್ಟು ಜೊಲ್ಲು ಸುರಿಸತೊಡಗಿತು. ಪರಿಚಿತರೊಬ್ಬರು ಕಳುಹಿಸಿದ ಸಂದೇಶದಲ್ಲಿ, ಜೊಲ್ಲು ಸುರಿದರೆ ಅದು ಕಾಲುಬಾಯಿ ಜ್ವರ, ಬಾಯೊಳಗೆ ಅರಿಸಿನ ಬೆಣ್ಣೆ ಸವರಬೇಕು ಎಂದಿತ್ತು. ಮನೆಯೊಡತಿ ಎರಡು ದಿನ ಬರಿಗೈಯಿಂದ ಸವರಿದರು. ಮಗನು ಗಂಟಲಲ್ಲೇನಾದರೂ ಸಿಕ್ಕಿರಬಹುದೆಂದು ಮೊಣಕೈವರೆಗೆ ಕೈಯಿಳಿಸಿ ತಡಕಿದನು. ಮೂರನೆಯ ದಿನ ಹಸು ಗೊಗ್ಗರು ದನಿಯಲ್ಲಿ ಅರಚಿ, ಗೋಡೆಗೆ ಹಾಯತೊಡಗಿದಾಗ ಪಶುವೈದ್ಯರನ್ನು ಕರೆದರು. ಅವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಕೇಳಿದ ಮೊದಲ ಪ್ರಶ್ನೆ, ‘ಇದಕ್ಕೆ ಎಂದಾದರೂ ನಾಯಿ ಕಚ್ಚಿತ್ತೇ?’ ಎಂಬುದು. ಒಂದೂವರೆ ತಿಂಗಳ ಹಿಂದೆ ಕಚ್ಚಿತ್ತು. ಅದು ಹುಚ್ಚುನಾಯಿ ರೋಗ. ಹಸು ಸತ್ತಿತು, ಮನೆಯವರೆಲ್ಲರೂ ಆಸ್ಪತ್ರೆಗೆ ಧಾವಿಸಿ ಚುಚ್ಚುಮದ್ದು ಹಾಕಿಸಿಕೊಂಡು ಜೀವವುಳಿಸಿಕೊಂಡರು. ಇನ್ನೊಂದು ವಾರ ಅದೇ ಸಂದೇಶವನ್ನು ನಂಬಿಕೊಂಡಿದ್ದರೆ ಗತಿಯೇನಾಗುತ್ತಿತ್ತೆಂದು ನೆನೆದರೆ ಮೈ ನಡುಗುತ್ತದೆ.

ಇಲ್ಲಿ ವಿಚಾರಿಸಬೇಕಾದ ತತ್ತ್ವವೊಂದುಂಟು. ಜೊಲ್ಲು ಎಂಬುದು ಒಂದು ಲಕ್ಷಣ, ಅದೇ ರೋಗವಲ್ಲ. ಕಾಲುಬಾಯಿ ಜ್ವರದಲ್ಲಿ ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಗೆಡ್ಡೆ ಸಿಕ್ಕಿದರೆ ಸುರಿಯುತ್ತದೆ. ಕೀಟನಾಶಕದ ವಿಷವೇರಿದರೂ ಸುರಿಯುತ್ತದೆ. ಹುಚ್ಚುನಾಯಿ ರೋಗದಲ್ಲಿಯೂ ಸುರಿಯುತ್ತದೆ. ನಾಲ್ಕಕ್ಕೂ ಚಿಕಿತ್ಸೆ ಬೇರೆ. ನಾಲ್ಕನೆಯದಕ್ಕೆ ಲಕ್ಷಣ ತೋರಿದ ಮೇಲೆ ಚಿಕಿತ್ಸೆಯೇ ಇಲ್ಲ. ಮನುಷ್ಯನಾದರೆ ತನಗೆಲ್ಲಿ ನೋವೆಂದು ಬಾಯಿಬಿಟ್ಟು ಹೇಳುತ್ತಾನೆ. ಮೂಕಪ್ರಾಣಿಯ ಪಾಲಿಗೆ ವೈದ್ಯನ ಕಣ್ಣು, ಕೈ, ಪ್ರಶ್ನೆಗಳೇ ಮಾತು. ಅವನ್ನು ತಪ್ಪಿಸಿದವನು ಅದರ ಮಾತನ್ನೇ ಕಿತ್ತುಕೊಂಡಂತೆ.

ಕುಣಿಗಲು ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ಪಂದ್ಯದ ಕುದುರೆಗೆ ಹೊಟ್ಟೆಶೂಲೆ ಬಂದರೆ ಅದರ ಒಡೆಯನು ಯಾರದೋ ಸಂದೇಶವನ್ನೋದಿ ಕಷಾಯ ಕುಡಿಸುತ್ತ ಕೂರುವನೇ? ಕೂಡಲೇ ವೈದ್ಯನನ್ನು ಕರೆಸುತ್ತಾನೆ. ಹಾಗಾದರೆ ಡೇರಿಗೆ ಹಾಲೆರೆದು ಒಂದು ಸಂಸಾರವನ್ನೇ ಸಾಕುತ್ತಿರುವ ಹಸು ಅದಕ್ಕಿಂತ ಕೀಳೇ? ಹಾಲುಜ್ವರವನ್ನೇ ನೋಡಿ. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ಕುಸಿದು, ಕತ್ತನ್ನು ಪಕ್ಕೆಯತ್ತ ತಿರುಗಿಸಿ ಮಲಗಿಬಿಡುತ್ತದೆ. ಹೆಸರು ಜ್ವರವಾದರೂ ಮೈ ತಣ್ಣಗಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದೇ ಇದಕ್ಕೆ ಕಾರಣ. ವೈದ್ಯನು ಆ ಲವಣವನ್ನು ರಕ್ತನಾಳಕ್ಕೆ ನಿಧಾನವಾಗಿ ಏರಿಸಿದರೆ, ಸತ್ತಂತೆ ಬಿದ್ದ ಹಸು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುವುದುಂಟು. ಅದನ್ನೇ ಅರಿಯದವನು ಅವಸರದಿಂದ ಏರಿಸಿದರೆ ಹೃದಯವೇ ನಿಂತುಹೋದೀತು. ಜ್ವರವೆಂಬ ಹೆಸರು ಕೇಳಿ ಗೊಟ್ಟದಲ್ಲಿ ಔಷಧ ಹಾಕುವವರೂ ಇದ್ದಾರೆ. ನುಂಗುವ ಶಕ್ತಿಯಿಲ್ಲದ ಹಸುವಿಗೆ ಆ ಔಷಧ ಹೊಟ್ಟೆಗಿಳಿಯದೆ ಶ್ವಾಸಕೋಶಕ್ಕಿಳಿದು, ಉಳಿಯುವ ಜೀವವನ್ನೂ ತೆಗೆಯುತ್ತದೆ.

ಇದು ಹಳ್ಳಿಯವರ ಅಜ್ಞಾನವೆಂದು ನಗರವಾಸಿಗಳು ನಗಬೇಕಾಗಿಲ್ಲ. ತುಮಕೂರಿನ ಬಡಾವಣೆಗಳಲ್ಲಿ ಸಹಸ್ರಾರು ರೂಪಾಯಿ ತೆತ್ತು ನಾಯಿಮರಿ ತರುವ ವಿದ್ಯಾವಂತರೇ, ಅದು ರಕ್ತಭೇದಿಯಿಂದ ಬಳಲುವಾಗ ಮೊಸರನ್ನ ತಿನ್ನಿಸಿ ಎರಡು ದಿನ ಕಾಯುತ್ತಾರೆ. ಅದು ಪಾರ್ವೋ ರೋಗವಾಗಿದ್ದರೆ ಮರಿಯನ್ನು ಕೊಲ್ಲುವುದು ಮುಖ್ಯವಾಗಿ ಮೈಯ ನೀರು ಬತ್ತುವಿಕೆ. ಅದಕ್ಕೆ ಸಲೈನ್ ಏರಿಸಬೇಕಾದುದು ಆ ಎರಡು ದಿನಗಳಲ್ಲಿಯೇ. ಬೆಕ್ಕಿಗೆ ಮೈ ಬಿಸಿಯಾಯಿತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆ ಕೊಡುವವರುಂಟು. ಬೆಕ್ಕಿನ ಯಕೃತ್ತಿಗೆ ಆ ಔಷಧವನ್ನು ಅರಗಿಸುವ ಶಕ್ತಿಯಿಲ್ಲ; ಒಂದೇ ಗುಳಿಗೆ ಅದರ ಪ್ರಾಣ ತೆಗೆಯಬಲ್ಲದು. ಮಗುವಿಗೆ ಒಳ್ಳೆಯದಾದುದು ಬೆಕ್ಕಿಗೂ ಒಳ್ಳೆಯದೆಂಬುದು ಪ್ರೀತಿಯ ಮಾತಾದೀತು, ವಿವೇಕದ ಮಾತಾಗದು.

‘ನಮ್ಮ ಹಿರಿಯರು ಯಾವ ಪಶುವೈದ್ಯನ ಬಳಿಗೆ ಹೋಗಿದ್ದರು? ನಾಟಿ ಮದ್ದಿನಿಂದಲೇ ದನ ಉಳಿಸಲಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ನಾಟಿ ವೈದ್ಯರನ್ನು ನಾನು ಹಳಿಯಲಾರೆ. ಆದರೆ ಅವರು ಕೊಟ್ಟಿಗೆಗೆ ಬಂದು, ಕಿವಿಯ ಬುಡ ಮುಟ್ಟಿ, ಮೂತಿಯ ತೇವ ನೋಡಿ, ಸಗಣಿ ಕೆದಕಿ, ನಿನ್ನೆ ಏನು ಮೇಯಿತೆಂದು ಕೇಳಿ ಅನಂತರ ಸೊಪ್ಪು ಅರೆಯುತ್ತಿದ್ದರು. ನೀವು ಹಿರಿಯರ ಸೊಪ್ಪನ್ನು ಮಾತ್ರ ಉಳಿಸಿಕೊಂಡು ಅವರ ಪರೀಕ್ಷೆಯನ್ನು ಬಿಟ್ಟುಬಿಟ್ಟಿರಿ. 2022ರಲ್ಲಿ ಚರ್ಮಗಂಟು ರೋಗವು ನಮ್ಮ ನಾಡಿನಲ್ಲಿ ಹಬ್ಬಿದಾಗ ವೀಳ್ಯದೆಲೆ, ಮೆಣಸು, ಬೆಲ್ಲಗಳ ಉಂಡೆಯ ಮಾತು ಮನೆಮನೆಗೂ ಮುಟ್ಟಿತು. ಉಪಚಾರವಾಗಿ ಅದನ್ನು ಕೊಡುವುದರಲ್ಲಿ ದೋಷವಿಲ್ಲ. ಆದರೆ ಉಂಡೆಯಿದೆಯಲ್ಲ ಎಂದು ಲಸಿಕೆ ಹಾಕಿಸದೆ ಬಿಟ್ಟವರು, ನೊಣ ಸೊಳ್ಳೆಗಳು ಹರಡುವ ಆ ಸೋಂಕಿಗೆ ನೆರೆಯವರ ಕೊಟ್ಟಿಗೆಯನ್ನೂ ತೆರೆದಿಟ್ಟರು.

ಇನ್ನೊಂದು ಆಕ್ಷೇಪವುಂಟು, ಅದು ನಿಜವಾದುದು. ‘ವೈದ್ಯರೆಲ್ಲಿ ಸಿಗುತ್ತಾರೆ?’ ರಾಜ್ಯದ ಅನೇಕ ಪಶು ಚಿಕಿತ್ಸಾಲಯಗಳಲ್ಲಿ ವೈದ್ಯರ ಹುದ್ದೆ ಖಾಲಿಯಿರುವುದು ಸುಳ್ಳಲ್ಲ. ಇದು ಸರ್ಕಾರದ ತಪ್ಪು; ಅದನ್ನು ಗ್ರಾಮಸಭೆಯಲ್ಲಿ, ಶಾಸಕರ ಮುಂದೆ ಗಟ್ಟಿಯಾಗಿ ಕೇಳಬೇಕು. ಇದ್ದ ಆಸ್ಪತ್ರೆಗೂ ಜನ ಹೋಗದಿದ್ದರೆ, ವೈದ್ಯರು ಬೇಕೆಂಬ ನಮ್ಮ ಕೂಗಿಗೆ ಬಲವೆಲ್ಲಿಂದ ಬರಬೇಕು? ದೂರವಾಣಿಯೇ ಬೇಡವೆಂದು ನಾನು ಹೇಳುವುದಿಲ್ಲ. ಅದರಿಂದ 1962 ಸಂಖ್ಯೆಗೆ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನಗಳು ಏರ್ಪಟ್ಟಿರುವುದು ಇದಕ್ಕಾಗಿಯೇ. ವೈದ್ಯರನ್ನು ಬರಮಾಡಿಕೊಳ್ಳಲು ದೂರವಾಣಿ ಬಳಸಿದರೆ ಅದು ಉಪಕಾರಿ. ವೈದ್ಯರನ್ನು ತಪ್ಪಿಸಲು ಬಳಸಿದರೆ ಘಾತುಕ.

ಶ್ರೀಮಠದ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಬಹುಮಂದಿ ದನಕರುಗಳ ನಡುವೆ ಬೆಳೆದು ಬಂದವರು. ಇಂದು ಶಿಕ್ಷಕರಾಗಿ, ಅಧಿಕಾರಿಗಳಾಗಿ ಊರಿನಲ್ಲಿ ನಾಲ್ಕು ಜನ ಕೇಳುವ ಸ್ಥಾನದಲ್ಲಿದ್ದೀರಿ. ನಿಮ್ಮ ಕೈಗೆ ಬಂದ ಮದ್ದಿನ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು, ಅದು ಯಾರ ಕೊಟ್ಟಿಗೆಯಲ್ಲಿ ಏನು ಅನಾಹುತ ಮಾಡೀತೆಂದು ಯೋಚಿಸಿರಿ. ಜೊಲ್ಲು ಸುರಿಸುವ ಪ್ರಾಣಿಯ ಬಾಯಿಗೆ ಬರಿಗೈ ಹಾಕಬಾರದೆಂದು ಊರಿನವರಿಗೆ ತಿಳಿಸಿರಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕೆಂದು ಮಕ್ಕಳಿಗೂ ಕಲಿಸಿರಿ. ಸಾಕಿದ ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸಿರಿ. ಶರಣರು ಬೋಧಿಸಿದ ದಯೆ ಮರುಕದ ಮಾತಿನಲ್ಲಿ ಮುಗಿಯುವಂಥದಲ್ಲ, ಕಾಯಕದಲ್ಲಿ ತೋರಬೇಕಾದುದು. ಹಗ್ಗ ಹಿಡಿದು ಪಶು ಆಸ್ಪತ್ರೆಯವರೆಗೆ ನಡೆಯುವುದೂ ಅಂಥ ಕಾಯಕವೇ. ನಮ್ಮನ್ನು ನಂಬಿ ನಮ್ಮ ಗೂಟಕ್ಕೆ ಕಟ್ಟಿಸಿಕೊಂಡ ಜೀವಕ್ಕೆ ನಾವು ಇಷ್ಟನ್ನಾದರೂ ಮಾಡಬೇಡವೇ?