ಮನೆವಾರ್ತೆಯ ಮಾತು: ಮುನಿಯುವ ಮೋಟಾರು

ಅರಸೀಕೆರೆಯ ನಮ್ಮ ವಾಚಕಿಯರಲ್ಲೊಬ್ಬರು ಬರೆದ ಕಾಗದವು ಈ ತಿಂಗಳು ನಮ್ಮ ಕೈಸೇರಿತು. ಅವರ ಮನೆಯ ಅಂಗಳದಲ್ಲಿ ಮಾವನವರ ಕಾಲದ ಮೋಟಾರು ಕಾರೊಂದಿದೆಯಂತೆ. ಅದು ಹಬ್ಬದ ದಿನ ಚೆನ್ನಾಗಿ ಓಡುತ್ತದೆ. ಅವಸರದ ದಿನ ನಿಂತುಬಿಡುತ್ತದೆ. ಮಗಳನ್ನು ಈ ವರ್ಷ ಕಾಲೇಜಿಗೆ ಸೇರಿಸಬೇಕು. ಕೊಬ್ಬರಿಯ ಧಾರಣೆಯನ್ನು ನಂಬಿ ಕೂರುವಂತಿಲ್ಲ. “ಮಾರೋಣವೆಂದು ಒಂದು ಮಾತು ಆಡಿದ್ದಕ್ಕೆ ಯಜಮಾನರು ಆ ಹೊತ್ತಿನ ಊಟವನ್ನೇ ಬಿಟ್ಟರು. ನೀವಾದರೂ ಅವರಿಗೆ ಬುದ್ಧಿ ಹೇಳಬೇಕು” ಎಂದು ಆ ಸಹೋದರಿಯು ಕೇಳಿದ್ದಾರೆ.

ಬುದ್ಧಿ ಹೇಳುವ ಅಧಿಕಾರವು ನಮಗೆ ಇದೆಯೋ ಇಲ್ಲವೋ ಎಂಬುದೇ ಸಂದೇಹ. ಏಕೆಂದರೆ ನಾವೂ ಅಂತಹದೇ ಮನೆಯಲ್ಲಿ ಬೆಳೆದವರು. ನಮ್ಮ ತಂದೆಯವರ ಕಾರು ಯೂರೋಪಿನವರ ನಕ್ಷೆಯಂತೆ ತಯಾರಾದುದಾಗಿತ್ತು ಎಂದಷ್ಟೇ ಹೇಳುತ್ತೇವೆ. ಹೆಸರನ್ನು ಹೇಳುವುದಿಲ್ಲ, ಮನೆಯ ನಂಟನ ದೋಷವನ್ನು ಹೆಸರು ಹಿಡಿದು ಹತ್ತು ಜನರೆದುರಿನಲ್ಲಿ ಆಡುವುದು ಒಳ್ಳೆಯ ಮನೆತನದ ಲಕ್ಷಣವಲ್ಲವಷ್ಟೆ.

ಒಂದು ಕಾಲದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಬಹುಪಾಲು ಹೀಗೆ ಹೊರದೇಶದ ವಂಶದವೇ ಆಗಿದ್ದುವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬುದು ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂದು ಹೆಸರು ಪಡೆದು 2014ರವರೆಗೂ ತಯಾರಾಯಿತು. ಇಟಲಿಯ ಫಿಯಟ್ 1100 ಎಂಬುದು ಮುಂಬಯಿಯಲ್ಲಿ ನೆಲಸಿ, ಮುಂದೆ ಪ್ರೀಮಿಯರ್ ಪದ್ಮಿನಿಯಾಗಿ, ಆ ನಗರದ ಟ್ಯಾಕ್ಸಿಯೆಂದು ಪ್ರಸಿದ್ಧವಾಗಿ, 2023ರ ಅಕ್ಟೋಬರಿನಲ್ಲಿ ಆ ಕೆಲಸದಿಂದ ನಿವೃತ್ತವಾಯಿತು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡಿನ ಮುಂಭಾಗದ ಮುಚ್ಚಳವು ಇಡಿಯಾಗಿ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು. ಮೇಸ್ತ್ರಿಯು ಮುಂದಿನ ಚಕ್ರದ ಮೇಲೆಯೇ ಕುಳಿತು ಎಂಜಿನನ್ನು ಬಿಚ್ಚಬಹುದಾಗಿತ್ತು. ಇವೆಲ್ಲ ತಂಪು ಸೀಮೆಯ ತವರಿನಿಂದ ನಮ್ಮ ಬಿಸಿಲಿಗೆ ಬಂದ ಸೊಸೆಯರು. ಹೊಂದಿಕೊಂಡು ಬಾಳಿದುವು, ಆದರೆ ಆಗಾಗ ಮುನಿಯುತ್ತಿದ್ದುವು.

1978ರ ಬೇಸಗೆಯಲ್ಲಿ ಅರಸೀಕೆರೆಯಿಂದ ಬೇಲೂರಿಗೆ ನಾವೆಲ್ಲರೂ ಹೊರಟೆವು. ಬಾಣಾವರವನ್ನು ದಾಟುವವರೆಗೆ ಬಂಡಿಯು ಸುಖವಾಗಿ ಓಡಿತು. ಜಾವಗಲ್ಲಿನ ಸಮೀಪದಲ್ಲಿ, ನೆತ್ತಿ ಸುಡುವ ಹೊತ್ತಿನಲ್ಲಿ, ಎರಡು ಸಾರಿ ಕೆಮ್ಮಿ ನಿಂತಿತು. ತಂದೆಯವರು ಗದರಿಸಿದರು, ಬೇಡಿಕೊಂಡರು, ಬಂಡಿ ಅಲುಗಲಿಲ್ಲ. ತೆಂಗಿನ ತೋಟದಿಂದ ಬಂದ ರೈತರೊಬ್ಬರು ಸ್ವಲ್ಪ ಹೊತ್ತು ನೋಡುತ್ತಿದ್ದು, “ಸ್ವಾಮೀ, ಬಿಸಿಲಿಗೆ ಮಲಗಿದ ಎತ್ತನ್ನು ಹೊಡೆಯಬಾರದು. ನೆರಳಿಗೆ ಬನ್ನಿ, ಎಳನೀರು ಕುಡಿಯಿರಿ, ಅದು ತಾನೇ ಏಳುತ್ತದೆ” ಎಂದರು.

ಆ ಮಾತಿನಲ್ಲಿ ಶಾಸ್ತ್ರವೇ ಇತ್ತು. ಅಂತಹ ಕಾರುಗಳಲ್ಲಿ ಪೆಟ್ರೋಲನ್ನು ಎಳೆದು ಕೊಡುವ ಪಂಪು ಎಂಜಿನಿಗೇ ಅಂಟಿಕೊಂಡಿರುತ್ತದೆ. ಎಂಜಿನಿನ ಶಾಖಕ್ಕೆ ಬಿಸಿಲೂ ಸೇರಿದರೆ ಕೊಳವೆಯೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ. ದ್ರವವನ್ನು ಎಳೆಯಬಲ್ಲ ಪಂಪು ಆವಿಯನ್ನು ಎಳೆಯಲಾರದು. ಎಂಜಿನಿಗೆ ಆಹಾರವು ತಪ್ಪುತ್ತದೆ. ಶಾಖವು ಇಳಿದರೆ ಆವಿಯು ಮರಳಿ ದ್ರವವಾಗುತ್ತದೆ. ತಾಯಿಯವರು ತಮ್ಮ ವಸ್ತ್ರವೊಂದನ್ನು ನೀರಿನಲ್ಲಿ ಅದ್ದಿ ಕೊಟ್ಟರು. ತಂದೆಯವರು ಅದನ್ನು ಪಂಪಿಗೆ ಸುತ್ತಿದರು. ಅರ್ಧ ಗಂಟೆಯಲ್ಲಿ ಬಂಡಿ ಎದ್ದಿತು.

ಹಳೇಬೀಡನ್ನು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಇನ್ನು ಬೇಲೂರು ಹತ್ತು ಮೈಲಿ. ಆ ದಿನ ಅಲ್ಲಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಹೊಯ್ಸಳೇಶ್ವರನ ಗುಡಿಯ ಜಗಲಿಯ ಮೇಲೆ ಕುಳಿತು ತಂದೆಯವರು ಬಹಳ ಬೇಸರಪಟ್ಟರು. ಆಗ ತಾಯಿಯವರು, “ಈ ಗುಡಿಗೆ ಶಿಖರವೇ ಇಲ್ಲ. ಆದರೂ ಎಲ್ಲಿಂದೆಲ್ಲಿಂದಲೋ ಜನ ಬಂದು ನೋಡುತ್ತಾರೆ. ಕೊರತೆ ಇದ್ದ ಮಾತ್ರಕ್ಕೆ ಪ್ರೀತಿ ಕಡಮೆಯಾಗುತ್ತದೆಯೆ?” ಎಂದರು. ತಂದೆಯವರು ನಕ್ಕರು. ಅಂದಿನಿಂದ ಆ ಕಾರು ನಮ್ಮ ಮನೆಯ ಮಕ್ಕಳಲ್ಲಿ ಒಂದಾಯಿತು.

ಕಥೆಯು ಇಲ್ಲಿಗೇ ಮುಗಿದಿದ್ದರೆ ನಾವು ಆ ಸಹೋದರಿಗೆ “ಮಾರಬೇಡಿ” ಎಂದು ಒಂದೇ ಮಾತಿನಲ್ಲಿ ಬರೆದುಬಿಡುತ್ತಿದ್ದೆವು. ಆದರೆ 1983ರ ಮಳೆಗಾಲದ ಒಂದು ರಾತ್ರಿ ನಮ್ಮ ಅಜ್ಜಿಯವರಿಗೆ ಎದೆನೋವು ಬಂದಿತು. ಹಾಸನದ ಆಸ್ಪತ್ರೆಗೆ ಒಯ್ಯಬೇಕು. ತಂದೆಯವರು ಕಾರನ್ನು ಹೊರಡಿಸಲು ಹೋದರು. ತಂತಿಗಳಿಗೆ ತೇವ ತಗಲಿ ಕಿಡಿಯೇ ಹುಟ್ಟದು. ಬ್ಯಾಟರಿ ಇಳಿಯಿತು, ಹಿಡಿಕೆ ತಿರುಗಿಸಿ ತಿರುಗಿಸಿ ತಂದೆಯವರ ಅಂಗೈ ಸುಲಿಯಿತು. “ಇನ್ನೊಂದು ಸಾರಿ, ಇನ್ನೊಂದು ಸಾರಿ” ಎನ್ನುತ್ತ ಮುಕ್ಕಾಲು ಗಂಟೆ ಕಳೆಯಿತು. ಕೊನೆಗೆ ತಾಯಿಯವರು ಮಳೆಯಲ್ಲಿಯೇ ಓಡಿ, ಬೀದಿಯ ಕೊನೆಯಲ್ಲಿದ್ದ ಕೊಬ್ಬರಿ ಲಾರಿಯ ಚಾಲಕರನ್ನು ಎಬ್ಬಿಸಿ ತಂದರು. ಅಜ್ಜಿಯವರು ಆ ಲಾರಿಯಲ್ಲಿ ಹಾಸನಕ್ಕೆ ಹೋಗಿ ಬದುಕಿದರು.

ಮನೆಗೆ ಮರಳಿದ ಬಳಿಕ ತಂದೆಯವರು ಕಾರನ್ನು ಗುಜರಿಗೆ ಹಾಕುವುದಾಗಿ ಹೊರಟರು. ತಡೆದವರು ಅಜ್ಜಿಯವರೇ. “ಅದನ್ನು ಬಯ್ಯಬೇಡ ಮಗೂ. ಅದರ ಸ್ವಭಾವ ನಮಗೆ ಗೊತ್ತಿತ್ತು. ಗೊತ್ತಿದ್ದೂ ಆ ರಾತ್ರಿ ಅದನ್ನೇ ನೆಚ್ಚಿ ಕುಳಿತೆವಲ್ಲ, ತಪ್ಪು ನಮ್ಮದು” ಎಂದರು. ಪ್ರೀತಿಸುವುದು ಬೇರೆ, ನೆಚ್ಚುವುದು ಬೇರೆ ಎಂಬುದನ್ನು ನಾವು ಕಲಿತುದು ಅಂದು. ಕಾರು ಉಳಿಯಿತು; ಆದರೆ ಲಾರಿಯ ಚಾಲಕರ ಮನೆಯ ದಾರಿಯನ್ನು ಮಕ್ಕಳಿಗೂ ತೋರಿಸಿಡಲಾಯಿತು.

ಆದುದರಿಂದ ಆ ಸಹೋದರಿಗೂ ಅವರ ಯಜಮಾನರಿಗೂ ನಾವು ಅರಿಕೆ ಮಾಡುವುದಿಷ್ಟೆ. ಮೊದಲನೆಯದಾಗಿ, ಮನೆಯ ಅವಸರಗಳನ್ನು ಆ ಕಾರಿನ ಮೇಲೆ ಹೊರಿಸಕೂಡದು. ಆಸ್ಪತ್ರೆ, ಪರೀಕ್ಷೆ, ರೈಲು ಇವುಗಳಿಗೆ ಬೇರೆ ವಾಹನವು ಗೊತ್ತಾಗಿರಲಿ. ದೇವರ ಗುಡಿಯಲ್ಲಿ ಉತ್ಸವಮೂರ್ತಿ ಬೇರೆ ಇರುವಂತೆ, ಇದು ಉತ್ಸವದ ಬಂಡಿ ಎಂದು ಗೊತ್ತುಮಾಡಿಕೊಳ್ಳಿರಿ.

ಎರಡನೆಯದಾಗಿ, ಲೆಕ್ಕವನ್ನು ಬೇರೆಯಾಗಿ ಇಡಿರಿ. ಮಗಳ ವಿದ್ಯೆಯ ಹಣವನ್ನು ಮೊದಲು ತೆಗೆದಿಟ್ಟು, ಉಳಿದುದರಲ್ಲಿ ಕಾರಿಗೆ ಒಂದು ಡಬ್ಬಿ ಇರಲಿ. ಡಬ್ಬಿ ಬರಿದಾದ ತಿಂಗಳು ಕಾರು ನಿಂತಿರಲಿ. ಸಾಲ ಮಾಡಿ ಓಡಿಸಬಾರದು.

ಮೂರನೆಯದಾಗಿ, ಅದರ ಆರೋಗ್ಯವನ್ನು ನೋಡಿಕೊಳ್ಳಿರಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಯುತ್ತಿದೆ. ಹಳೆಯ ಕಾರುಗಳ ರಬ್ಬರು ಕೊಳವೆಗಳು ಇದಕ್ಕಾಗಿ ಮಾಡಿದವಲ್ಲ; ಮೆತ್ತಗಾಗಿ ಬಿರುಕುಬಿಟ್ಟು ಸೋರಿದರೆ ಬೆಂಕಿಯ ಭಯವುಂಟು. ಅವುಗಳನ್ನು ಬದಲಾಯಿಸುವುದು ಬಣ್ಣ ಹಚ್ಚಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಹದಿನೈದು ವರ್ಷವಾದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ಹೊಸದುಮಾಡಿಸಬೇಕು. ಐವತ್ತು ವರ್ಷ ದಾಟಿ ಮೂಲರೂಪದಲ್ಲಿಯೇ ಇರುವ ಕಾರುಗಳಿಗೆ 2021ರ ನಿಯಮವು ಪ್ರತ್ಯೇಕ ನೋಂದಣಿಯ ಗೌರವವನ್ನು ಕೊಟ್ಟಿದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ ಮುಂತಾದುವಕ್ಕಲ್ಲದೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಎರಡನ್ನೂ ತೂಗಿ ನೋಡಿಯೇ ನಿಶ್ಚಯಿಸುವುದು ಮೇಲು.

ಇಷ್ಟನ್ನೂ ನಡಸಲು ಯಜಮಾನರು ಒಪ್ಪಿದರೆ ಕಾರು ಉಳಿಯಲಿ. ಒಪ್ಪದೆ, ಮಗಳ ಶುಲ್ಕಕ್ಕಿಂತ ಮೇಸ್ತ್ರಿಯ ಚೀಟಿಯೇ ಮೊದಲೆಂದರೆ, ಅದನ್ನು ಕಾಪಾಡಬಲ್ಲ ಒಳ್ಳೆಯ ಕೈಗೆ ಕೊಡುವುದೇ ನ್ಯಾಯ. ಪ್ರೀತಿಯಿಂದ ಸಾಕಿದ ಹಸುವನ್ನೂ ಮೇವಿಲ್ಲದ ವರ್ಷ ಮೇವಿದ್ದವರ ಮನೆಗೆ ಕಳುಹಿಸಿಕೊಡುವುದು ನಮ್ಮ ಹಿರಿಯರಿಗೆ ತಿಳಿದಿದ್ದ ಮಾತೇ.

ಈಗ ಆ ತಾಯಿಗೆ ಗುಟ್ಟಾಗಿ ಒಂದು ಮಾತು. ಯಜಮಾನರು ಊಟ ಬಿಟ್ಟುದು ಕಬ್ಬಿಣದ ಮೋಹಕ್ಕಾಗಿರಲಾರದು. ತಂದೆಯು ಕುಳಿತು ನಡಸಿದ ಸ್ಥಳದಲ್ಲಿ ತಾವೂ ಕುಳಿತುಕೊಳ್ಳುವ ಭಾಗ್ಯವು ತಪ್ಪುವುದೆಂದಿರಬಹುದು. ಮಾರುವ ಮಾತನ್ನು ಮತ್ತೆ ಎತ್ತುವ ಮೊದಲು, ತಂಪಾದ ಒಂದು ಮುಂಜಾನೆ ಹಳೇಬೀಡಿನ ಕೆರೆಯ ಏರಿಯವರೆಗೆ ಎಲ್ಲರೂ ಅದರಲ್ಲಿ ಹೋಗಿ ಬನ್ನಿರಿ. ಬುತ್ತಿಯನ್ನೂ, ಎರಡು ಕೊಡ ನೀರನ್ನೂ, ಒಂದು ಹಳೆಯ ಬಟ್ಟೆಯನ್ನೂ ಮರೆಯದೆ ಒಯ್ಯಿರಿ. ಮಾತು ಅಲ್ಲಿ ಸುಲಭವಾಗಿ ಬಂದೀತು.